ಸಾಲಿನ ಕೊನೆಯಲ್ಲಿ ಕೈ ಎತ್ತಿದವನು

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. "ನಾನು ಇದನ್ನೆಲ್ಲ ನಂಬುವವನಲ್ಲ, ಆದರೆ..." ಎಂದು ಯಾರಾದರೂ ಶುರು ಮಾಡಿದರೆ ಸಾಕು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಎದ್ದು ಹೋಗುತ್ತಿದ್ದೆ. ಈಗ ನಾನೇ ಆ "ಆದರೆ"ಯ ಹತ್ತಿರ ಬಂದು ಕುಳಿತಿದ್ದೇನೆ. ನಿಮ್ಮ ಒಲೆಯ ಮೇಲೂ ಹಾಲಿದ್ದರೆ ಎದ್ದು ಹೋಗಬಹುದು, ನನಗೆ ಬೇಸರವಿಲ್ಲ.

ನಮ್ಮದು ಬೀದರ ಶಹರದ ಬೌದ್ಧ ಮನೆತನ. ಅಪ್ಪ ಭಾಲ್ಕಿಯ ಸರ್ಕಾರಿ ಶಾಲೆಯಲ್ಲಿ ಗಣಿತದ ಮಾಸ್ತರ. ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದರು. ನಮ್ಮ ಮನೆಯಲ್ಲಿ ದೃಷ್ಟಿ ತೆಗೆಯುತ್ತಿರಲಿಲ್ಲ, ಬಾಗಿಲಿಗೆ ನಿಂಬೆಹಣ್ಣು ಕಟ್ಟುತ್ತಿರಲಿಲ್ಲ, ಅಮಾವಾಸ್ಯೆ ಎಂದು ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ಓಣಿಯಲ್ಲಿ ಯಾರಿಗೋ ಗಾಳಿ ಹಿಡಿದಿದೆ ಎಂದು ಸುದ್ದಿ ಬಂದರೆ ಅಪ್ಪ, "ಮೊದಲ ದವಾಖಾನಿಗಿ ಒಯ್ರಿ" ಎನ್ನುತ್ತಿದ್ದರು. ಹತ್ತನೇ ತರಗತಿಯಲ್ಲಿದ್ದಾಗ ಗೆಳತಿಯರೊಂದಿಗೆ ಪಂತ ಕಟ್ಟಿ, ಅಷ್ಟೂರಿನಲ್ಲಿರುವ ಸುಲ್ತಾನರ ಗೋರಿಯ ಗುಮ್ಮಟವೊಂದರ ಒಳಗೆ ಒಬ್ಬಳೇ ಕುಳಿತು ಇಡೀ ಊಟದ ಡಬ್ಬಿ ಖಾಲಿ ಮಾಡಿ ಬಂದಿದ್ದೆ. ಬಾವಲಿಗಳ ವಾಸನೆ ಬಿಟ್ಟರೆ ಅಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಎಣಿಸಲಿಕ್ಕೆ, ಅಳೆಯಲಿಕ್ಕೆ ಬರುವಂಥದ್ದು ಇದೆ, ಉಳಿದದ್ದು ಇಲ್ಲ ಎಂಬುದು ಅಪ್ಪ ಕಲಿಸಿದ ಪಾಠ. ಅದನ್ನು ನಾನು ಅಪ್ಪನಿಗಿಂತ ಹೆಚ್ಚಾಗಿಯೇ ಕಲಿತಿದ್ದೆ. ತರಕಾರಿಯವನು ಕೊಟ್ಟ ಚಿಲ್ಲರೆಯನ್ನೂ ಎರಡು ಸಲ ಎಣಿಸುವವಳು ನಾನು, ಅವನ ಮುಂದೆಯೇ.

ಓದು ಮುಗಿದ ಮೇಲೆ ಪಶ್ಚಿಮ ಕರಾವಳಿಯ ಒಂದು ದೊಡ್ಡ ಕಂಟೇನರ್ ಬಂದರಿನ ಪರಿಸರ ವಿಭಾಗದಲ್ಲಿ ಕೆಲಸ ಸಿಕ್ಕಿತು. ಬಂದರಿನ ಹೆಸರು ಇಲ್ಲಿ ಬೇಡ. ಬಂದರು ಎಂದರೆ ಹಡಗು, ಕ್ರೇನು, ಲಾರಿ ಎಂದಷ್ಟೇ ಜನ ತಿಳಿದಿರುತ್ತಾರೆ. ಅಷ್ಟು ದೊಡ್ಡ ಜಾಗದಲ್ಲಿ ಮನುಷ್ಯರು ಉಸಿರಾಡಿಕೊಂಡಿರಬೇಕಾದರೆ ಬಾಟಲಿ, ಮೀಟರು, ರಿಜಿಸ್ಟರು ಹಿಡಿದುಕೊಂಡು ಒಂದಿಷ್ಟು ಜನ ಓಡಾಡುತ್ತಲೇ ಇರಬೇಕು. ಬೆಳಿಗ್ಗೆ ಹಿನ್ನೀರಿನ ಮಾದರಿ ತೆಗೆಯುವುದು, ನೀರಂಚಿನ ಕಾಂಡ್ಲಾ ಗಿಡಗಳ ಬುಡಕ್ಕೆ ಹಡಗಿನ ಎಣ್ಣೆ ಬಂದಿದೆಯೇ ನೋಡುವುದು, ಲಾರಿಗಳ ಹೊಗೆ ಅಳೆಯುವುದು, ಯಾರ್ಡಿನ ರಸ್ತೆಗೆ ದೂಳು ಕೂರಿಸಲು ನೀರು ಹೊಡೆದಿದ್ದಾರೆಯೇ ಎಂದು ವಿಚಾರಿಸುವುದು ನನ್ನ ಕೆಲಸ. ನನಗೆ ಅದು ಇಷ್ಟವಿತ್ತು. ಎಲ್ಲದಕ್ಕೂ ಒಂದು ಅಂಕಿ ಸಿಗುತ್ತಿತ್ತು.

ನಾನು ಸೇರಿದ ಮೂರನೆಯ ವರ್ಷದ ಹೊತ್ತಿಗೆ ನಮ್ಮ ಕಡೆ ಎರಡು ಮಳೆಗಾಲ ಬೆನ್ನಿಗೆ ಬೆನ್ನು ಕೈಕೊಟ್ಟಿದ್ದವು. ಮಾಂಜ್ರಾ ನದಿಯ ಪಾತ್ರದಲ್ಲಿ ಗುಂಡಿ ತೋಡಿ ನೀರು ಬಸಿಯಲು ಕಾಯುತ್ತಾರೆ ಎಂದು ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು. ಔರಾದ್ ಕಡೆಯ ಊರುಗಳಿಗೆ ವಾರಕ್ಕೆ ಎರಡು ಟ್ಯಾಂಕರು. ಇಲ್ಲಿ ನಾನು ರಸ್ತೆಯ ದೂಳಿಗೆ ಟ್ಯಾಂಕರ್ ನೀರು ಹೊಡೆಸಿ ರಿಜಿಸ್ಟರಿನಲ್ಲಿ ಸಹಿ ಮಾಡುತ್ತಿದ್ದೆ. ಕೆಲವು ದಿನ ಆ ಸಹಿ ಮಾಡುವಾಗ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು.

ಆ ಬೇಸಿಗೆಯ ಒಂದು ಬೆಳಿಗ್ಗೆ ಗೋದಾಮಿನ ನಳದ ಹತ್ತಿರ, "ಕುಡಿಲಾಕ ನೀರ್ ಇದೇ ಅದೇನ್ರಿ?" ಎಂಬ ದನಿ ಕೇಳಿ ಗಕ್ಕನೆ ನಿಂತೆ. ಎಷ್ಟೋ ತಿಂಗಳ ಮೇಲೆ ಕಿವಿಗೆ ಬಿದ್ದ ನಮ್ಮ ಮಾತು. ಔರಾದ್ ತಾಲ್ಲೂಕಿನ ಒಂದೇ ಊರಿನ ಹನ್ನೆರಡು ಜನ ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂಲಿಗೆ ಬಂದಿದ್ದರು. ಹನ್ನೊಂದು ಜನ ಕೂಲಿಗಳು, ಅವರ ಮೇಲೊಬ್ಬ ಮುಕಾದಮ.

ಮುಕಾದಮನ ಹೆಸರು ಮಾಳಪ್ಪ. ಅರವತ್ತರ ಹತ್ತಿರದ ವಯಸ್ಸು, ಕುರಿ ಕಾಯುವವರ ಮನೆತನ. ಮೇವಿಲ್ಲದೆ ಕುರಿಗಳನ್ನೆಲ್ಲ ಮಾರಿ, ಕೈಯಲ್ಲಿ ಕೋಲಿಲ್ಲದೆ ಬಂದಿದ್ದ. ಕೋಲು ಇಲ್ಲದಿದ್ದರೂ ನಿಲ್ಲುವಾಗ ಒಂದು ಕಾಲಿನ ಮೇಲೆ ಭಾರ ಹಾಕಿ, ಕೋಲು ಊರಿದವನ ಹಾಗೆಯೇ ವಾಲುತ್ತಿದ್ದ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ, ಅವನು ನನ್ನನ್ನು ಅವ್ವಾ ಎನ್ನುತ್ತಿದ್ದ. ನಮ್ಮಿಬ್ಬರಿಗೆ ಜಗಳವಿದ್ದದ್ದು ಒಂದೇ ವಿಷಯಕ್ಕೆ: ಕಾಕಾ ಜನರನ್ನು ಎಣಿಸುತ್ತಿರಲಿಲ್ಲ.

ಕುರಿ ಕಾಯುವವರು ಹಿಂಡನ್ನು ಅಂಕಿಯಿಂದ ಎಣಿಸುವುದಿಲ್ಲವಂತೆ. ಸಂಜೆ ಹಟ್ಟಿಯ ಬಾಯಿಗೆ ನಿಂತು ಒಂದೊಂದರ ಮುಖವನ್ನೂ ನೋಡುತ್ತಾರೆ, ಅಷ್ಟೆ. ಯಾವುದು ಬಂದಿಲ್ಲ ಎಂದು ಅವರಿಗೆ ತಿಳಿದುಬಿಡುತ್ತದೆ. ಬಂದರಿನಲ್ಲಿ ಅದು ನಡೆಯುತ್ತದೆಯೇ? ಗೇಟಿನಲ್ಲಿ ಎಷ್ಟು ಜನ ಒಳಗೆ, ಎಷ್ಟು ಜನ ಹೊರಗೆ ಎಂದು ಬರೆಯಬೇಕು. "ಎಷ್ಟು ಮಂದಿ ಕಾಕಾ?" ಎಂದರೆ, "ಎಲ್ಲಾರೂ ಅದಾರವ್ವಾ" ಎನ್ನುತ್ತಿದ್ದ. "ಎಲ್ಲಾರೂ ಅಂದರ ಎಷ್ಟು?" ಎಂದು ಕೆಣಕಿದರೆ, "ಎಣಸಿದ್ರ ಕಮ್ಮಿ ಆಗ್ತಾವ" ಎಂದು ಬೇರೆ ಕಡೆ ನೋಡುತ್ತಿದ್ದ. ನಾನು ನಗುತ್ತಿದ್ದೆ. ಕೂಲಿಗಳೂ ನಗುತ್ತಿದ್ದರು.

ಅವರಲ್ಲಿ ತುಕಾರಾಮ ಎಂಬುವವನು ಮೂವತ್ತರ ಒಳಗಿನವನು. ಮದುವೆಯಾಗಿ ಮೂರು ವರ್ಷವಾಗಿತ್ತು, ಒಂದು ಮಗು. ಊರಿಗೆ ಫೋನು ಮಾಡಲು ಸಿಗ್ನಲ್ ಸಿಗುವ ಒಂದೇ ಜಾಗ ಗೋದಾಮಿನ ಹಿಂದಿನ ಕಲ್ಲು. ಆ ಕಲ್ಲಿನ ಮೇಲೆ ನಿಂತು ಮಗುವಿನ ಹತ್ತಿರ ಆಡಿನ ಹಾಗೆ ಕೂಗಿ ಮಾತಾಡುತ್ತಿದ್ದ. ಅವನ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ಇಷ್ಟೆ.

ಈಗ ಆ ದಿನದ ಮಾತು. ಮೇ ತಿಂಗಳು, ಹಾಡಹಗಲು, ಮಧ್ಯಾಹ್ನ ಒಂದು ಗಂಟೆಯ ಸುಮಾರು.

ಹೊರದೇಶದಿಂದ ಬಂದ ತೊಗರಿಯಲ್ಲಿ ಹುಳ ಸಿಕ್ಕಿತ್ತು. ತೊಗರಿಯ ನಾಡಿನವರೇ ಬೇರೆ ದೇಶದ ತೊಗರಿ ಹೊರುವ ಕಾಲ ಬಂತಲ್ಲ ಎಂದು ಕೂಲಿಗಳು ಹೊತ್ತದ್ದೂ ಹೊತ್ತದ್ದೇ, ಬೈದದ್ದೂ ಬೈದದ್ದೇ. ಕಂಟೇನರುಗಳಿಂದ ಚೀಲಗಳನ್ನು ಇಳಿಸಿ ಗೋದಾಮಿನಲ್ಲಿ ಥಪ್ಪಿ ಹಾಕಿದ್ದರು. ಒಂದರ ಮೇಲೊಂದು ಜೋಡಿಸಿದ ಆ ಥಪ್ಪಿ ಒಂದು ಸಣ್ಣ ಮನೆಯಷ್ಟು ದೊಡ್ಡದಿತ್ತು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿ, ನೆಲಕ್ಕೆ ತಾಗುವ ಅಂಚಿನ ಮೇಲೆ ಮರಳು ತುಂಬಿದ ಉದ್ದನೆಯ ಬಟ್ಟೆಯ ಕೊಳವೆಗಳನ್ನು ಒತ್ತಾಗಿ ಇಡುತ್ತಾರೆ. ಆ ಕೊಳವೆಗಳಿಗೆ ಕೂಲಿಗಳು ಹಾವು ಎನ್ನುತ್ತಿದ್ದರು. ಆಮೇಲೆ ಸಿಲಿಂಡರಿನಿಂದ ಹಾಳೆಯೊಳಗೆ ವಿಷದ ಗ್ಯಾಸು ಬಿಟ್ಟು ಇಡೀ ಒಂದು ದಿನ ಮುಚ್ಚಿಡಬೇಕು. ಹುಳ ಸಾಯುತ್ತದೆ. ಒಳಗೆ ಇನ್ನೇನಿದ್ದರೂ ಸಾಯುತ್ತದೆ. ಆ ಗ್ಯಾಸಿಗೆ ಬಣ್ಣವಿಲ್ಲ, ವಾಸನೆ ಇಲ್ಲ ಎಂದೇ ಹೇಳಬೇಕು.

ಅದಕ್ಕೇ ನಿಯಮ ಬಿಗಿ. ಥಪ್ಪಿಯ ಮೇಲೆ ಹತ್ತಿ ಗ್ಯಾಸಿನ ಪೈಪು ಕೂರಿಸಿದವರು, ಹಾಳೆ ಎಳೆದವರು, ಹಾವು ಇಟ್ಟವರು ಎಲ್ಲರೂ ಗೋಡೆಯ ಪಕ್ಕ ಸಾಲಾಗಿ ನಿಲ್ಲಬೇಕು. ಎಣಿಸಬೇಕು. ಒಳಗೆ ಬಂದಷ್ಟೇ ಜನ ಸಾಲಿನಲ್ಲಿದ್ದಾರೆ ಎಂದು ನಾನು ಸಹಿ ಮಾಡಿದ ಮೇಲೆಯೇ ಗ್ಯಾಸಿನ ಸಾವಂತ ವಾಲ್ವು ತಿರುಗಿಸಬೇಕು. ಸಾವಂತ ಎಂದರೆ ಆ ಕೆಲಸದ ಪರವಾನಗಿ ಇದ್ದ ಆಪರೇಟರ್, ಮರಾಠಿಯವನು, ಮಿತಭಾಷಿ.

ನನಗೆ ಅವಸರವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮಧ್ಯಾಹ್ನ ಎರಡು ದಾಟಿದರೆ ಸಮುದ್ರದ ಗಾಳಿ ತಿರುಗಿ ಗೋದಾಮಿನಿಂದ ಕ್ಯಾಂಟೀನಿನ ಕಡೆಗೆ ಬೀಸುತ್ತದೆ. ಹಾಳೆಯಲ್ಲಿ ಎಲ್ಲಾದರೂ ಸೋರಿಕೆ ಇದ್ದರೆ ಊಟಕ್ಕೆ ಕುಳಿತವರ ಮೂಗಿಗೇ ಹೋಗುತ್ತದೆ. ಗಾಳಿ ತಿರುಗುವ ಮೊದಲು ಗ್ಯಾಸು ಬಿಟ್ಟು, ಸುತ್ತ ಮೀಟರು ಹಿಡಿದು ನೋಡಿ ಮುಗಿಸಬೇಕಿತ್ತು.

ಕೂಲಿಗಳು ಸಾಲಾಗಿ ನಿಂತರು. ಎಲ್ಲರ ತಲೆಯ ಮೇಲೂ ಹಳದಿ ಹೆಲ್ಮೆಟ್, ಮೂಗು ಬಾಯಿಗೆ ದೂಳಿನ ಮುಸುಕು, ಮೈಮೇಲೆ ಒಂದೇ ಥರದ ಜಾಕೀಟು. ನಾನು ಕಣ್ಣಿನಿಂದ ಎಣಿಸಿದೆ. ಹನ್ನೊಂದು. ನನ್ನ ಅಭ್ಯಾಸದಂತೆ ಮತ್ತೆ ಎಡದಿಂದ ಶುರು ಮಾಡಿ, ಒಬ್ಬೊಬ್ಬರ ಹೆಲ್ಮೆಟ್ಟಿನ ಮೇಲೆ ಪೆನ್ನಿನಿಂದ ಟಕ್ ಎಂದು ಬಡಿಯುತ್ತ ಗಟ್ಟಿಯಾಗಿ ಎಣಿಸಿದೆ. ಹನ್ನೊಂದು ಟಕ್. ಕೊನೆಯ ಹೆಲ್ಮೆಟ್ಟಿನದೂ ಉಳಿದವುಗಳ ಹಾಗೆಯೇ ಪ್ಲಾಸ್ಟಿಕ್ಕಿನ ಸದ್ದು. ಸಾವಂತನೂ ತನ್ನ ಪಾಡಿಗೆ ಎಣಿಸಿ "ಅಕರಾ" ಎಂದ. ಮರಾಠಿಯಲ್ಲೂ ಹನ್ನೊಂದೇ. ನಾನು ಸಹಿ ಮಾಡಿ ಕಾಗದವನ್ನು ಅವನ ಕೈಗೆ ಕೊಟ್ಟೆ.

ಆಗ ಮಾಳಪ್ಪ ಕಾಕಾ ನನ್ನ ಪಕ್ಕದಿಂದ, "ತುಕಾರಾಮ ಬಂದಿಲ್ಲವ್ವಾ" ಎಂದ.

ನನಗೆ ಸಿಟ್ಟು ಬಂತು. "ಹನ್ನೊಂದೂ ಅದಾರ ಕಾಕಾ, ಮೂರು ಸಲ ಎಣಿಸೇವಿ" ಎಂದೆ. ಅವನು ಸಾಲಿನ ಮೇಲಿಂದ ಕಣ್ಣು ತೆಗೆಯದೆ ಮತ್ತೆ ಅದನ್ನೇ ಹೇಳಿದ. ನಾನು ಸಾಲಿನ ಕಡೆ ತಿರುಗಿ, "ತುಕಾರಾಮ ಯಾರಪ್ಪಾ? ಕೈ ಎತ್ತು" ಎಂದೆ.

ಸಾಲಿನ ಬಲಗಡೆಯ ಕೊನೆಯಲ್ಲಿ ಒಂದು ಕೈ ಮೇಲೆ ಬಂತು.

"ನೋಡ್ರಿ, ಅಲ್ಲೇ ಅದಾನ" ಎಂದೆ. ಕಾಕಾ ಆ ಕಡೆ ನೋಡಿದ. ಬಹಳ ಹೊತ್ತೇನೂ ನೋಡಲಿಲ್ಲ. ಅವನ ಮುಖದ ಬಣ್ಣ ಇಳಿಯುವುದನ್ನು ಮಾತ್ರ ನಾನು ಕಂಡೆ. ಕರಿಯ ಮನುಷ್ಯನ ಮುಖ ಬೂದಿಯ ಹಾಗೆ ಆಗಬಹುದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

"ಇವ ಅಲ್ಲ" ಎಂದ.

ಆಗ ನಾನು ಒಂದು ಮಾತು ಆಡಿದೆ. "ನಿಮ್ಮ ಕುರಿ ಲೆಕ್ಕ ಇಲ್ಲಿ ನಡೆಯಂಗಿಲ್ಲ ಕಾಕಾ, ಆಚಿ ಸರೀರಿ" ಎಂದೆ. ಎಲ್ಲರ ಮುಂದೆ, ಅಪ್ಪನ ವಯಸ್ಸಿನವನಿಗೆ. ಸಾವಂತನಿಗೆ ಕೈಸನ್ನೆ ಮಾಡಿದೆ. ಅವನು ವಾಲ್ವಿನ ಮೇಲೆ ಕೈಯಿಟ್ಟ.

ಕಾಕಾ ಆಚೆ ಸರಿಯಲಿಲ್ಲ. ಸಾವಂತನನ್ನು ಭುಜದಿಂದ ನೂಕಿ ಪೈಪನ್ನು ಸಿಲಿಂಡರಿನಿಂದ ಕಿತ್ತೆಸೆದ. ಸೊಂಟದಲ್ಲಿದ್ದ, ಚೀಲದ ಹೊಲಿಗೆ ಕೊಯ್ಯುವ ಚಾಕು ತೆಗೆದು ಥಪ್ಪಿಯ ಕಡೆ ಓಡಿದ. ಸುತ್ತ ಹುಡುಕಲಿಲ್ಲ, ಹೆಸರು ಹಿಡಿದು ಕೂಗಲೂ ಇಲ್ಲ. ನೆಟ್ಟಗೆ ಹಿಂಬದಿಯ ಮೂಲೆಗೆ ಹೋಗಿ, ಎದೆಯೆತ್ತರದಲ್ಲಿ ಹಾಳೆಯನ್ನು ಸರ್ರನೆ ಸೀಳಿ, ಅಲ್ಲಿದ್ದ ಎರಡು ಚೀಲ ಎಳೆದು ಕೆಡವಿದ. ಚೀಲಗಳ ನಡುವೆ ಗಾಳಿಯಾಡಲಿ ಎಂದು ಬಿಟ್ಟ ಸಂದಿಯಲ್ಲಿ ಎರಡು ಕಾಲು ಕಂಡವು.

ಸಂದಿಯಲ್ಲಿ ತುಕಾರಾಮ ಮಡಚಿಕೊಂಡು ಕುಳಿತಿದ್ದ. ಹೆಲ್ಮೆಟ್ ತಲೆಯ ಮೇಲೆಯೇ ಇತ್ತು. ಕಣ್ಣು ಮುಚ್ಚಿತ್ತು, ಮೈ ಕಾದ ಹಂಚಿನಂತೆ ಸುಡುತ್ತಿತ್ತು, ಉಸಿರಿತ್ತು. ಎಳೆದು ಹೊರಗೆ ಹಾಕಿ ನೀರು ಹಾಕಿದೆವು. ಥಪ್ಪಿಯ ಮೇಲೆ ಪೈಪು ಕೂರಿಸಲು ಹತ್ತಿದವನಿಗೆ ಸೆಕೆಗೆ ತಲೆ ತಿರುಗಿ ಸಂದಿಗೆ ಜಾರಿರಬೇಕು, ಆ ಹೊತ್ತಿಗೆ ಉಳಿದವರು ಇನ್ನೊಂದು ಕಡೆಯಿಂದ ಹಾಳೆ ಎಳೆದುಬಿಟ್ಟಿರಬೇಕು ಎಂದು ಬಂದರಿನ ಡಾಕ್ಟರು ಆಮೇಲೆ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಅವನು ಕಣ್ಣು ಬಿಟ್ಟ. ಬಿಟ್ಟವನು ಕಾಕಾನನ್ನು ಕಂಡು ಹಿಂದಕ್ಕೆ ಸರಿದ. ಅದನ್ನು ನಾನು ಆಗ ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಇನ್ನು ಅರ್ಧ ನಿಮಿಷ ತಡವಾಗಿದ್ದರೆ ನಾನೊಬ್ಬ ಮನುಷ್ಯನನ್ನು ಸಹಿ ಹಾಕಿ ಕೊಂದಿರುತ್ತಿದ್ದೆ. ಆ ಭಯದಲ್ಲಿ ಕುಸಿದು ಕುಳಿತವಳಿಗೆ ಇನ್ನೊಂದು ವಿಷಯ ಹೊಳೆಯಲು ಒಂದೆರಡು ಕ್ಷಣ ಬೇಕಾಯಿತು. ಹೊಳೆದ ಕೂಡಲೇ ಎದ್ದು ನಿಂತು ಎಣಿಸಿದೆ. ನೆಲದ ಮೇಲೆ ತುಕಾರಾಮ, ಸುತ್ತ ಉಳಿದವರು. ಒಟ್ಟು ಹನ್ನೊಂದು.

ಹಾಗಾದರೆ ಐದು ನಿಮಿಷದ ಹಿಂದೆ ಆ ಗೋಡೆಯ ಪಕ್ಕ ಹತ್ತೇ ಜನ ಇರಬೇಕಿತ್ತು. ನಾನು ಬಡಿದದ್ದು ಹನ್ನೊಂದು ಹೆಲ್ಮೆಟ್. ಎತ್ತಿದ್ದು ಒಂದು ಕೈ. ಸುಡುವ ಬಿಸಿಲಿನಲ್ಲಿ, ತಗಡಿನ ಗೋದಾಮಿನಲ್ಲಿ, ನನ್ನ ಹಲ್ಲು ಕಟಕಟನೆ ಬಡಿದುಕೊಂಡವು. ಆ ಕೊನೆಯವನ ಪಕ್ಕದಲ್ಲಿ ನಿಂತಿದ್ದ ನಡುವಯಸ್ಸಿನ ಕೂಲಿಯನ್ನು ಹಿಡಿದು, ನಿನ್ನ ಪಕ್ಕ ಕೊನೆಯಲ್ಲಿ ಯಾರಿದ್ದರು ಎಂದು ಕೇಳಿದೆ. ಅವನು ನೆಲದ ಮೇಲಿದ್ದ ತುಕಾರಾಮನನ್ನು ನೋಡಿ, ನನ್ನನ್ನು ನೋಡಿ, "ಇವನೇ ನಿಂತಿದ್ನಲ್ರಿ" ಎಂದ. ಹೇಳಿದ್ದೇ ತಡ, ತನ್ನ ಮಾತು ತನಗೇ ಕೇಳಿಸಿದಂತಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮರುದಿನವೇ ಊರಿನ ರೈಲು ಹತ್ತಿದ.

ನೀವು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ನಾನೇ ಕೇಳಿಕೊಂಡಿದ್ದೇನೆ. ಬೇರೆ ಗ್ಯಾಂಗಿನವನೊಬ್ಬ ಬಂದು ನಿಂತಿದ್ದನೇ? ಗೋದಾಮಿಗೆ ಒಂದೇ ಬಾಗಿಲು ತೆರೆದಿತ್ತು, ಕಾವಲಿನವನು ಅಲ್ಲೇ ಕುಳಿತಿದ್ದ. ಯಾರೂ ಬರಲಿಲ್ಲ, ಯಾರೂ ಹೋಗಲಿಲ್ಲ ಎಂದು ಅವನ ಹೇಳಿಕೆ. ತುಕಾರಾಮ ಸಾಲಿನಲ್ಲಿ ನಿಂತಿದ್ದು, ನಾವು ಮಾತಾಡುವಾಗ ಓಡಿಹೋಗಿ ಒಳಗೆ ಸೇರಿಕೊಂಡನೇ? ಹಾಳೆಯ ಅಂಚಿಗೆ ಮರಳಿನ ಹಾವುಗಳನ್ನು ಎರಡು ಸುತ್ತು ಇಟ್ಟಿದ್ದರು. ಅವನ್ನು ಸರಿಸಲು ನಾಲ್ಕು ಜನ ಬೇಕು, ಒಂದೂ ಅಲುಗಾಡಿರಲಿಲ್ಲ. ಹಾಗಿದ್ದರೆ ನಾನೇ ತಪ್ಪು ಎಣಿಸಿದೆನೇ? ಹಾಗೆಂದು ನಂಬಲು ಎಷ್ಟು ಪ್ರಯತ್ನಪಟ್ಟಿದ್ದೇನೆಂದು ನಿಮಗೆ ಹೇಳಲಾರೆ. ವಿಚಾರಣೆಯ ಕಾಗದದಲ್ಲಿ "ಎಣಿಕೆಯಲ್ಲಿ ನನ್ನಿಂದ ತಪ್ಪಾಗಿದೆ" ಎಂದು ಬರೆದುಕೊಟ್ಟೆ. ಎಚ್ಚರಿಕೆಯ ಪತ್ರ ಬಂತು, ತೆಗೆದುಕೊಂಡೆ. ಅಂಕಿಯ ವಿಷಯದಲ್ಲಿ ನಾನು ಬರೆದ ಮೊದಲ ಸುಳ್ಳು ಅದು.

ಆಮೇಲೆ ಎಷ್ಟೋ ದಿನ ನಾನು ಯಾರ ಹೆಲ್ಮೆಟ್ಟನ್ನೂ ಮುಟ್ಟಲಿಲ್ಲ. ಹೆಸರು ಕೂಗಿ, ಮುಸುಕು ತೆಗೆಸಿ, ಮುಖ ನೋಡಿ ಬಿಡುವ ಪದ್ಧತಿ ತಂದೆ. ಸಾಲಿನ ಬಲಗಡೆಯ ಕೊನೆಗೆ ಬರುವಾಗ ಮಾತ್ರ ಪ್ರತಿ ಸಲವೂ ಕಾಲು ಹಿಂದೇಟು ಹಾಕುತ್ತಿತ್ತು. ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರಲಾಗದೆ ಅಮ್ಮನನ್ನು ಎರಡು ತಿಂಗಳು ಕರೆಸಿಕೊಂಡೆ. ಕಾರಣ ಕೇಳಿದಳು. ಸಮುದ್ರದ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದೆ.

ಮಾಳಪ್ಪ ಕಾಕಾ ಮತ್ತು ತುಕಾರಾಮ ವಾರದೊಳಗೆ ಊರಿಗೆ ಹೋಗಿದ್ದರು. ಹೋಗುವ ಮುಂಚೆ ಕಾಕಾನ ಕ್ಷಮೆ ಕೇಳಲು ಹೋದೆ. "ನಾ ಎಣಸಲಿಲ್ಲವ್ವಾ, ಅದಕ್ಕ ಗೊತ್ತಾತು. ಎಣಸಿದ್ರ ನನಗೂ ಹನ್ನೊಂದೇ ಬರ್ತಿತ್ತು" ಎಂದಷ್ಟೇ ಹೇಳಿದ. ಮೈಮೇಲಿನ ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡ, ಅಂಥ ಸೆಕೆಯಲ್ಲಿ. ಅವನಿಗೂ ಹೆದರಿಕೆಯಾಗಿದೆ ಎಂದು ತಿಳಿದು ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

ಮರುವರ್ಷ ಮಳೆ ಬಂತು. ರಜೆಯ ಮೇಲೆ ಬೀದರಿಗೆ ಬಂದವಳು ಅಪ್ಪನಿಗೂ ಹೇಳದೆ ಒಂದು ದಿನ ಔರಾದಿನ ಬಸ್ಸು ಹತ್ತಿದೆ. ಅಲ್ಲಿಂದ ಅವರ ಊರಿಗೆ ಜೀಪು. ಮಾಳಪ್ಪ ಕಾಕಾ ಊರ ಹೊರಗೆ ಬೀಳು ಬಿದ್ದ ಪಡದಲ್ಲಿ ಸಿಕ್ಕಿದ. ಮತ್ತೆ ಒಂದಿಷ್ಟು ಕುರಿ ಮಾಡಿಕೊಂಡಿದ್ದ, ಕೈಗೆ ಕೋಲು ಬಂದಿತ್ತು. ಕಲ್ಲಿನ ಮೇಲೆ ಕುಳಿತು ನೆಟ್ಟಗೆ ಕೇಳಿದೆ: ಅವತ್ತು ಕೈ ಎತ್ತಿದವನ ಮುಖ ನೋಡಿದಿರಲ್ಲ ಕಾಕಾ, ಯಾರದಿತ್ತು?

"ತುಕಾರಾಮಂದೇ" ಎಂದ.

ಹಾಗಾದರೆ ಇವನಲ್ಲ ಎಂದು ಯಾಕೆ ಹೇಳಿದಿರಿ ಎಂದೆ. ಅವನು ಕುರಿಗಳ ಕಡೆ ನೋಡುತ್ತ ನಿಧಾನವಾಗಿ ಹೇಳಿದ: "ನೀ ಕೂಗಿದಾಗ ಎಲ್ಲಾರೂ ನಿನ್ನ ಕಡಿ ನೋಡ್ಲತ್ತಿದ್ರು. ಅವ ಒಬ್ಬ ನಿನ್ನ ನೋಡ್ಲಿಲ್ಲ, ನನ್ನ ನೋಡ್ಲಿಲ್ಲ. ಕೈ ಎತ್ತಿದಾವ ಥಪ್ಪಿ ಕಡಿನೇ ನೋಡ್ಕೋತ ನಿಂತಿದ್ದ, ಆ ಹಿಂದಿನ ಮೂಲಿ ಕಡಿ. ಅವನ ಕಣ್ಣು ಎಲ್ಲಿತ್ತೋ ಅಲ್ಲೇ ಹೋಗಿ ಹರದೆ. ಇದಕ್ಕಿಂತ ಹೆಚ್ಚಿಗಿ ನನ್ನ ಕೇಳಬ್ಯಾಡವ್ವಾ. ತುಕಾರಾಮನ ಮನಿಗಿ ಹೋಗು."

ತುಕಾರಾಮನ ಮನೆ ಊರ ನಡುವೆಯೇ ಇತ್ತು. ಅವನು ಸೊರಗಿ ಇಳಿದುಹೋಗಿದ್ದ. ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟಳು. ಗಂಡನ ಜೀವ ಹೋಗುವುದರಲ್ಲಿತ್ತು ಎಂದು ಅವಳಿಗೆ ಗೊತ್ತಿತ್ತು, ನಾನೇ ಸಹಿ ಮಾಡಿದವಳು ಎಂದು ಗೊತ್ತಿರಲಿಲ್ಲ. ನಾನೇ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿ, ಮತ್ತೆ ಬಡಿಯತೊಡಗಿದಳು. ಊಟವಾದ ಮೇಲೆ ನಾನು ತುಕಾರಾಮನ ಮುಂದೆ ಕೈಮುಗಿದು, ತಪ್ಪಾಯಿತು, ಒಳಗಿದ್ದ ನಿನ್ನನ್ನು ಬಿಟ್ಟು ಎಣಿಸಿಬಿಟ್ಟೆ ಎಂದೆ.

ಅವನು ದನಿ ತಗ್ಗಿಸಿ, "ನೀವು ಬಿಟ್ಟು ಎಣಸಿಲ್ರಿ ಮೇಡಂ. ನಾ ಸಾಲಿನ್ಯಾಗೇ ಇದ್ದೆ" ಎಂದ.

ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ. "ಪೈಪ್ ಇಟ್ಟು ನಾ ಇಳದ್ ಬಂದೇನ್ರಿ. ಖರೇನೇ ಇಳದ್ ಬಂದೇನಿ. ಕಡೀಕಿ ನಿಂತೆ. ನೀವು ಪೆನ್ನಿಲಿಂದ ಹೆಲ್ಮೆಟ್ ಮ್ಯಾಲ ಬಡದು ಹನ್ನೊಂದು ಅಂದ್ರಿ. ನನಗ ಥಪ್ಪಿ ಬಿಟ್ಟು ಕಣ್ಣು ಬ್ಯಾರೆ ಕಡಿ ಹೊಳ್ಳವಲ್ದಾಗಿತ್ತು. ಅದರಾಗ ಯಾರೋ ಅದಾರ, ಮೇಡಂಗ ಹೇಳ್ಬೇಕು ಅಂತ ಒಂದೇ ಸವನ ಅನಸ್ತಿತ್ತು, ಬಾಯಿ ಬರವಲ್ದು. ಕೈ ಎತ್ತು ಅಂದ್ರಿ, ಎತ್ತಿದೆ. ಕಾಕಾ ನನ್ನ ಮುಖ ನೋಡಿ ಇವ ಅಲ್ಲ ಅಂದ. ನಾನೇ ಅದೀನಿ ಕಾಕಾ ಅಂತ ಒದರಬೇಕಂದೆ. ಅಷ್ಟೊತ್ತಿಗಿ ಯಾರೋ ಕಾಲ್ ಹಿಡದು ಎಳದಂಗಾತು. ಕಣ್ ತೆರದ್ರ ನೆಲದ ಮ್ಯಾಲ ಮಲಗೀನಿ."

ಒಳಗೆ ಕುಳಿತದ್ದು, ಸೆಕೆ, ಕತ್ತಲೆ ಯಾವುದೂ ನೆನಪಿಲ್ಲವೇ ಎಂದು ಕೇಳಿದೆ. ಒಂದಿಷ್ಟೂ ಇಲ್ಲ ಎಂದ. ಮಾಳಪ್ಪ ಕಾಕಾನ ಜೊತೆ ಈ ವಿಷಯ ಮಾತಾಡಿದ್ದೀಯಾ ಎಂದೆ. ಊರಿಗೆ ಬಂದ ಮೇಲೆ ಕಾಕಾನ ಎದುರಿಗೇ ಹೋಗಿಲ್ಲವಂತೆ. ಜೀವ ಉಳಿಸಿದವನೆಂದು ಗೊತ್ತು, ಆದರೂ ಅವನು ಎದುರಿಗೆ ಬಂದರೆ ಎಲ್ಲಿ ಮತ್ತೊಮ್ಮೆ ಇವ ಅಲ್ಲ ಎಂದುಬಿಡುತ್ತಾನೋ ಎಂದು ಹೆದರಿ ಬೇರೆ ಓಣಿ ಹಿಡಿಯುತ್ತಾನಂತೆ.

ನಾನು ಹೊರಡಲು ಎದ್ದೆ. ಬಾಗಿಲ ತನಕ ಬಂದವನು ನಿಂತು, ಎಷ್ಟೋ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದ. "ನೀವು ಓದಿದವರು ಅದೀರಿ, ಅದಕ್ಕ ಕೇಳ್ತೇನಿ. ಅವತ್ತ ಕಾಕಾ ಅಡ್ಡ ಬರದೇ ನೀವು ಗ್ಯಾಸ್ ಬಿಟ್ಟಿದ್ರ, ಸಾಲಿನ್ಯಾಗ ನಿಂತಾವ ಏನ್ ಆಗ್ತಿದ್ದ ಮೇಡಂ? ಎಲ್ಲಾರ ಜೋಡಿ ಗೇಟ್ ದಾಟಿ, ಭಾಲ್ಕಿಗಿ ಇಳದು, ಮನಿಗಿ ಬರ್ತಿದ್ನೇನ್ರಿ?"

ಅವನ ಹೆಂಡತಿ ಒಳಗಿನಿಂದ ಇದನ್ನು ಕೇಳಿಸಿಕೊಂಡಳು. ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ಬಂದು ಎತ್ತಿಕೊಂಡು, ನಮ್ಮಿಬ್ಬರ ಕಡೆಯೂ ನೋಡದೆ ಒಳಗೆ ಹೋಗಿ ಕದ ಮುಂದೆ ಮಾಡಿದಳು. ತುಕಾರಾಮ ಉತ್ತರಕ್ಕಾಗಿ ನನ್ನ ಮುಖ ನೋಡುತ್ತ ಮುಚ್ಚಿದ ಬಾಗಿಲ ಹೊರಗೇ ನಿಂತಿದ್ದ. ನಾನು ಚಪ್ಪಲಿ ಮೆಟ್ಟಿ ಜೀಪಿನ ಕಡೆ ನಡೆದೆ.